ಚೌಕಾಬಾರ: ಗರ ಕೈಕೊಟ್ಟಾಗ ತಲೆ ಕೆಡದಂತೆ ಆಡೋದು ಹೇಗೆ?

ಕಟ್ಟೆಮನೆ

ಚೌಕಾಬಾರ ಅಂದರೆ ಕವಡೆ ಎಸೆದು, ಬಿದ್ದ ಎಣಿಕೆಯಷ್ಟು (ಅದೇ ಗರ) ಮನೆ ಕಾಯಿ ನಡೆಸುವ ಹಲಗೆಯಾಟ. ಹಣ್ಣಾಗಲು, ಅಂದರೆ ನಡುಮನೆ ಸೇರಲು, ಎರಡೇ ಮನೆ ಉಳಿದಿದ್ದ ಕಾಯಿಯನ್ನು ಯಾರೋ ಕಡಿದು ಶುರುವಿನ ಮನೆಗೆ ಕಳಿಸಿದರು ಅನ್ನಿ. ಆಮೇಲಿನ ನಾಲ್ಕೈದು ಸರದಿ ಹೇಗಿರುತ್ತೆ ಅಂತ ಆಡಿದವರಿಗೆಲ್ಲ ಗೊತ್ತು. ಕವಡೆ ಜೋರಾಗಿ ಬೀಳುತ್ತೆ, ಕಟ್ಟೆಯಲ್ಲಿ ತಣ್ಣಗಿದ್ದ ಕಾಯಿ ಬೀದಿಗೆ ಬರುತ್ತೆ, ಕಡಿದವರ ಬೆನ್ನು ಹತ್ತುವ ಭರದಲ್ಲಿ ಇನ್ನೊಂದು ಕಾಯಿಯೂ ಹೋಗುತ್ತೆ. ಆಮೇಲೆ "ಇವತ್ತು ಶನಿ ಹೆಗಲೇರಿದಾನೆ" ಅನ್ನೋ ಮಾತು. ಮೊದಲ ಕಾಯಿ ಹೋದದ್ದು ಗರದಿಂದ. ಎರಡನೆಯದು ಹೋದದ್ದು ನಾವು ನಡೆಸಿದ ರೀತಿಯಿಂದ. ಇವೆರಡನ್ನೂ ಬೇರೆ ಮಾಡಿ ನೋಡೋಣ ಅಂತ ಈ ಚರ್ಚೆಯ ಎಳೆ.

ಎಲ್ಲರ ಲೆಕ್ಕ ಒಂದೇ ಇರಲಿ ಅಂತ ನಿಯಮ ಹೇಳಿಬಿಡ್ತೀನಿ. 5×5 ಮನೆ, ನಾಲ್ವರು, ತಲಾ 4 ಕಾಯಿ, 4 ಕವಡೆ. ಎಲ್ಲ ಅಂಗಾತ ಬಿದ್ದರೆ ಚೌಕ (4), ಎಲ್ಲ ಬೋರಲು ಬಿದ್ದರೆ ಬಾರ (8). ಚೌಕ, ಬಾರ ಬಿದ್ದರೂ ಕಡಿದರೂ ಮತ್ತೊಂದು ಗರ. ಒಂದಾದರೂ ಕಡಿಯದೆ ಒಳಸುತ್ತಿಗೆ ಬಿಡಲ್ಲ. ಹಣ್ಣಿಗೆ ಸರಿಯಾದ ಗರವೇ ಬೀಳಬೇಕು. ಮನೆಗಳ ಎಣಿಕೆ ಹೀಗೆ: ಸ್ವಂತ ಕಟ್ಟೆ 0, ಹೊರಸುತ್ತು 1ರಿಂದ 15, ಒಳಸುತ್ತು 16ರಿಂದ 23, ನಡುಮನೆ 24. ಕಡಿಯಲಾಗದ ಕಟ್ಟೆಗಳು 0, 4, 8, 12. ಕಾಯಿ ಹುಟ್ಟಲು, ಅಂದರೆ ಸ್ವಂತ ಕಟ್ಟೆಯಿಂದ ಹಲಗೆಗೆ ಇಳಿಯಲು, ಚೌಕ ಅಥವಾ ಬಾರವೇ ಬೇಕು ಅನ್ನೋ ನಿಯಮ ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ. ಅದನ್ನು ಬೇಕಾದಲ್ಲಿ ಹೇಳಿ.

ಲೆಕ್ಕದ ಮೇಷ್ಟ್ರು

ಮೊದಲು ಯಾವುದಕ್ಕೆ ದುರದೃಷ್ಟ ಅನ್ನಬೇಕು ಅಂತ ತೀರ್ಮಾನ ಆಗಲಿ. ಕವಡೆ ಅಂಗಾತ ಬೀಳೋದೂ ಬೋರಲು ಬೀಳೋದೂ ಸಮ ಅಂದುಕೊಂಡರೆ 16ರಲ್ಲಿ 4 ಸಲ ಒಂದು, 6 ಸಲ ಎರಡು, 4 ಸಲ ಮೂರು, ಒಂದು ಸಲ ಚೌಕ, ಒಂದು ಸಲ ಬಾರ. ಅಂದರೆ ಹುಟ್ಟುವ ಗರ 8ಕ್ಕೆ ಒಂದು.

ಹುಟ್ಟು ನಿಯಮ ಇಟ್ಟುಕೊಂಡು ಆಡುವಾಗ ಒಬ್ಬರಿಗೆ ಸತತ 10 ಸರದಿ ಒಂದೂ ಕಾಯಿ ಹುಟ್ಟದೆ ಇರುವ ಸಾಧ್ಯತೆ ಶೇಕಡಾ 26. ಹಲಗೆಯ ಸುತ್ತ ನಾಲ್ವರಿದ್ದಾರೆ. ಅವರಲ್ಲಿ ಯಾರಿಗಾದರೂ ಒಬ್ಬರಿಗೆ ಹೀಗಾಗುವ ಸಾಧ್ಯತೆ ಶೇಕಡಾ 70. ಹತ್ತು ಆಟ ಆಡಿದರೆ ಏಳರಲ್ಲಿ ಯಾರೋ ಒಬ್ಬರು ಹತ್ತು ಸರದಿ ಸುಮ್ಮನೆ ಕವಡೆ ಎಸೆದು ಕೂರಲೇಬೇಕು. ಇದು ಆಟದ ರಚನೆ. "ನನಗೊಬ್ಬನಿಗೇ ಹೀಗೆ" ಅನ್ನಿಸೋದು ಆ ದಿನ ಆ ಪಾಳಿ ನಿಮ್ಮದಾಗಿರೋದರಿಂದ.

ಇನ್ನೊಂದು, "ಇಷ್ಟೊತ್ತು ಬಿದ್ದಿಲ್ಲ, ಈಗ ಬಿದ್ದೇ ಬೀಳುತ್ತೆ" ಅನ್ನೋದು. ಹನ್ನೊಂದನೇ ಸರದಿಗೂ ಎಂಟಕ್ಕೆ ಒಂದೇ. ಹಿಂದಿನ ಹತ್ತು ಗರ ಕವಡೆಗೆ ನೆನಪಿರಲ್ಲ. ಈ ನಂಬಿಕೆಯಿಂದ ಕಟ್ಟೆ ಬಿಟ್ಟು ಕಾಯಿ ನಡೆಸಿದವರಿಗೆ ಚೌಕವೂ ಸಿಗಲ್ಲ, ಕಾಯಿಯೂ ಉಳಿಯಲ್ಲ.

ಹುಬ್ಬಳ್ಳಿ ಕವಡಿ

ಲೆಕ್ಕ ಖರೇನ ಐತ್ರಿ ಮೇಷ್ಟ್ರ. ಆದ್ರ ಕವಡಿ ಸಾಲಿ ಕಲ್ತಿಲ್ಲಲ್ರೀ. ಅಂಗಾತ, ಬೋರಲು ಸಮಾ ಬೀಳೂ ಕವಡಿ ಸಿಗೂದ ಕಡಿಮಿ. ಬೆನ್ನು ಉಬ್ಬಿದ್ದು ಒಂಥರಾ, ತಿಕ್ಕಿ ಚಪ್ಪಟಿ ಮಾಡಿದ್ದು ಒಂಥರಾ. ಹುಣಸಿ ಬೀಜ ಒಂದು ಕಡಿ ಕಲ್ಲಿಗೆ ತಿಕ್ಕಿ ಬೆಳ್ಳಗ ಮಾಡಿದ್ರ ಎಷ್ಟು ತಿಕ್ಕೀವಿ ಅನ್ನೂದರ ಮ್ಯಾಲ ಗರ ಬದಲಾಕ್ಕೈತಿ.

ಸಿಟ್ಟು ಬರೂಕ್ಕಿಂತ ಮೊದಲ ಪರೀಕ್ಷಾ ಮಾಡ್ರಿ. ನಾಕು ಕವಡಿ 50 ಸಲ ಎಸದು ಅಂಗಾತ ಬಿದ್ದದ್ದು ಎಣಸ್ರಿ. ಒಟ್ಟು 200 ಬೀಳುವಿಕಿಗೆ 86ರಿಂದ 114ರ ಒಳಗ ಬಂದ್ರ ಚಿಂತಿಲ್ಲ. ಹೊರಗ ಹೋತಂದ್ರ ಕವಡಿ ಬದಲು ಮಾಡ್ರಿ, ಇಲ್ಲಾಂದ್ರ ಎಲ್ಲಾರೂ ಅದ ಕವಡಿಲೇ ಆಡ್ತೇವಿ ಅಂತ ಒಪ್ಪಿಕೋರಿ. ತಮ್ಮ ತಮ್ಮ ಕವಡಿ ತಂದು ಆಡೂದು ಜಗಳಕ್ಕ ಮೂಲ.

ಎಸಿಯೂದೂ ಹಂಗ. ಎರಡೂ ಅಂಗೈ ಮುಚ್ಚಿ ಮೂರು ಸಲ ಕುಲುಕಿ, ಒಂದು ಗೇಣು ಎತ್ತರದಿಂದ ಬಿಡ್ರಿ. ನುಣುಪು ಟೈಲ್ಸ್ ಮ್ಯಾಲ ಕವಡಿ ಜಾರಿ ಮಂಚದ ಕೆಳಗ ಹೊಕ್ಕಾವು, "ಅದು ಚೌಕ ಇತ್ತು" ಅಂತ ವಾದ ಚಾಲೂ ಆಕ್ಕೈತಿ. ದಪ್ಪ ಅರಬಿ ಹಾಸಿದ್ರ ಆತು.

ಲೆಕ್ಕದ ಮೇಷ್ಟ್ರು

ಒಪ್ಪಿದೆ. ವಾಲುವ ಕವಡೆ ಎಷ್ಟು ಬದಲಿಸುತ್ತೆ ಅಂತ ನೋಡಿ: ನೂರಕ್ಕೆ 40 ಸಲ ಮಾತ್ರ ಅಂಗಾತ ಬೀಳುವ ಕವಡೆಯಾದರೆ ಬಾರ ಶೇಕಡಾ 13, ಚೌಕ ಶೇಕಡಾ ಎರಡೂವರೆ. ಐದು ಪಟ್ಟು ವ್ಯತ್ಯಾಸ. ಅಂಥ ಕವಡೆಯಲ್ಲಿ "ಚೌಕವೇ ಬೀಳ್ತಿಲ್ಲ" ಅಂತ ಹಣೆಬರಹ ಹಳಿಯೋದು ತಪ್ಪು ವಿಳಾಸಕ್ಕೆ ಬರೆದ ಕಾಗದ.

ಗಟ್ಟಿಕಾಯಿ

ಕವಡೆ ಸರಿಯಿದ್ದರೂ ತಲೆ ಕೆಡುತ್ತಲ್ಲ, ಅಲ್ಲಿಗೆ ಬರೋಣ. ಪೋಕರ್ ಆಡುವವರು ಇದಕ್ಕೆ ಟಿಲ್ಟ್ ಅಂತಾರೆ. ಪಿನ್‌ಬಾಲ್ ಯಂತ್ರವನ್ನು ಸಿಟ್ಟಿನಲ್ಲಿ ಅಲುಗಿಸಿದರೆ 'ಟಿಲ್ಟ್' ಅಂತ ದೀಪ ಹತ್ತಿ ಆಟವೇ ನಿಂತುಹೋಗುತ್ತಿತ್ತು, ಆ ಮಾತು ಅಲ್ಲಿಂದ ಬಂದದ್ದು. ಚೌಕಾಬಾರಕ್ಕೆ ಅಂಥ ದೀಪವಿಲ್ಲ. ಗುರುತುಗಳನ್ನು ನಾವೇ ಹಿಡಿಯಬೇಕು.

ಹಿಂದಿನವರ ಕಾಯಿ ಇನ್ನೂ ಕೈಯಲ್ಲಿರುವಾಗಲೇ ನಿಮ್ಮ ಕೈ ಕವಡೆಗೆ ಹೋಗ್ತಿದೆಯೇ? ಅದು ಮೊದಲ ಗುರುತು. ಗರ ಬಿದ್ದ ಕ್ಷಣವೇ, ನಾಲ್ಕೂ ಕಾಯಿ ನೋಡದೆ, ಒಂದೇ ಕಾಯಿಯನ್ನು ಓಡಿಸ್ತಿದೀರಾ? ಎರಡನೆಯದು. ಮೂರನೆಯದೇ ದುಬಾರಿ: ಹಲಗೆಯಲ್ಲಿ ಮೂವರು ಎದುರಾಳಿಗಳಿದ್ದರೂ ಕಣ್ಣು ನಿಮ್ಮನ್ನು ಕಡಿದವರ ಕಾಯಿಯ ಮೇಲೇ ಇರುತ್ತೆ.

ಮದ್ದು ಕೈಯಲ್ಲೇ ಇದೆ. ಬೀಳಬಹುದಾದ ಗರ ಐದೇ, ಅದರಲ್ಲೂ ನೂರಕ್ಕೆ ಎಂಬತ್ತೇಳು ಸಲ ಒಂದು, ಎರಡು, ಮೂರು ಇಷ್ಟೇ. ಹಾಗಾಗಿ ಕವಡೆ ಮುಟ್ಟುವ ಮೊದಲು ಮನಸ್ಸಿನಲ್ಲಿ ಮೂರು ಉತ್ತರ ಸಿದ್ಧ ಮಾಡಿ: "ಒಂದಾದರೆ ಮುಂದಿನ ಕಾಯಿ ಕಟ್ಟೆಗೆ, ಎರಡಾದರೆ ಕಡಿ, ಮೂರಾದರೆ ಹಿಂದಿನ ಕಾಯಿ." ಚೌಕ, ಬಾರ ಬಿದ್ದರೆ ಆಗ ಯೋಚಿಸಿದರಾಯ್ತು, ಹೇಗೂ ಖುಷಿಯ ಗರ. ನಾಲ್ವರ ಆಟದಲ್ಲಿ ಮೂವರು ಆಡುವಷ್ಟು ಹೊತ್ತು ಬಿಡುವು ಸಿಗುತ್ತೆ. ಕಾಯಿ ಹೋದಾಗ ಆ ಹೊತ್ತನ್ನು ಗೊಣಗಲು ಬಳಸದೆ ನಾಲ್ಕು ಎಣಿಸುವಷ್ಟು ಉಸಿರು ಎಳೆದು ಆರು ಎಣಿಸುವಷ್ಟು ನಿಧಾನ ಬಿಡಿ, ಮೂರು ಸಲ. ಆಮೇಲೆ ಮೂರು ಉತ್ತರ. ನಿರ್ಧಾರ ಗರಕ್ಕಿಂತ ಮುಂಚೆ ಆಗಿಹೋದರೆ ಗರ ನೋಡಿ ಸಿಟ್ಟಾಗಲು ಜಾಗವೇ ಉಳಿಯಲ್ಲ.

ಇನ್ನೊಂದು ಕಟ್ಟುನಿಟ್ಟು: ಕಾಯಿ ಕಡಿಸಿಕೊಂಡ ಮೇಲಿನ ಎರಡು ಸರದಿ ಗಟ್ಟಿ ಒಡೆಯಬೇಡಿ. ಒಂದೇ ಮನೆಯಲ್ಲಿ ಜೋಡಿ ನಿಂತ ಕಾಯಿಗಳನ್ನು ಒಂಟಿ ಕಾಯಿ ಕಡಿಯಲಾಗದು ಅನ್ನೋ ನಿಯಮ ಇದ್ದಲ್ಲಿ, ಸಿಟ್ಟಿನ ಮೊದಲ ಬಲಿ ಆ ಜೋಡಿಯೇ.

ಸಂಜೆಯಾಟ

ಮುಯ್ಯಿ ತೀರಿಸೋದು ಯಾವಾಗಲೂ ತಪ್ಪಾ ಗಟ್ಟಿಕಾಯಿ ಅವರೇ? ಕಡಿದರೆ ಇನ್ನೊಂದು ಗರ ಸಿಗುತ್ತಲ್ಲ. ಧರ್ಮರಾಯನ ಹಾಗೆ ಸೋತಷ್ಟೂ ಪಣ ಏರಿಸೋದಲ್ಲವಲ್ಲ ಇದು. (ಅಲ್ಲಿ ದಾಳವೇ ಶಕುನಿಯದು, ಆ ಮಾತು ಬೇರೆ.)

ಈ ಸ್ಥಿತಿ ನೋಡಿ. ಹುಟ್ಟು ನಿಯಮ ಇಲ್ಲ. ನಿಮ್ಮ ಒಂದು ಕಾಯಿ ಬಲಗಡೆಯವರ ಕಟ್ಟೆಯಲ್ಲಿದೆ, ಅಂದರೆ 4ರಲ್ಲಿ. ಇನ್ನೊಂದು ಒಳಸುತ್ತಿನ 22ರಲ್ಲಿ. ಮಿಕ್ಕೆರಡು ಸ್ವಂತ ಕಟ್ಟೆಯಲ್ಲೇ. ಈಗಷ್ಟೇ ನಿಮ್ಮನ್ನು ಕಡಿದ ಬಲಗಡೆಯವರ ಕಾಯಿ ನಿಮ್ಮ 6ರಲ್ಲಿ ಒಂಟಿಯಾಗಿ ನಿಂತಿದೆ. ಎದುರಿಗೆ ಕೂತವರ ಕಾಯಿ ಈಗ ತಾನೇ ಒಳಗೆ ಬಂದು ನಿಮ್ಮ 20ರಲ್ಲಿದೆ. ನಿಮಗೆ ಎರಡು ಬಿತ್ತು. 4ರಿಂದ 6ಕ್ಕೆ ಹೋಗಿ ಕಡೀಬೇಕೋ, 22ರ ಕಾಯಿ ಹಣ್ಣು ಮಾಡಬೇಕೋ?

ಲೆಕ್ಕದ ಮೇಷ್ಟ್ರು

ಒಳ್ಳೆಯ ಉದಾಹರಣೆ. ಇದಕ್ಕೊಂದು ಅಳತೆಗೋಲು ಬೇಕು. ಒಂದು ಗರದ ಸರಾಸರಿ 2.5 ಮನೆ. ಚೌಕ, ಬಾರಕ್ಕೆ ಸಿಗುವ ಹೆಚ್ಚುವರಿ ಗರ ಸೇರಿಸಿದರೆ ಒಂದು ಸರದಿಗೆ ಸುಮಾರು 2.86 ಮನೆ. ಕಡಿಸಿಕೊಂಡ ಕಾಯಿ ಎಷ್ಟು ಮನೆ ನಡೆದಿತ್ತೋ ಅದನ್ನು 2.86ರಿಂದ ಭಾಗಿಸಿ, ಎಷ್ಟು ಸರದಿಯ ದುಡಿಮೆ ಹೋಯಿತು ಅಂತ ಸಿಗುತ್ತೆ.

ಬಲಗಡೆಯವರ ಆ ಕಾಯಿ ಅವರ ಕಟ್ಟೆಯಿಂದ ಎರಡೇ ಮನೆ ನಡೆದದ್ದು. ಕಡಿದರೆ ಅವರಿಗೆ ನಷ್ಟ ಮುಕ್ಕಾಲು ಸರದಿಯೂ ಅಲ್ಲ. ನಿಮಗೆ ಸಿಗುವ ಹೆಚ್ಚುವರಿ ಗರದ ಬೆಲೆ ಒಂದು ಸರದಿ. ಒಟ್ಟು ಲಾಭ 1.7.

ಈಗ ಅಪಾಯದ ಲೆಕ್ಕ. 22ರ ಕಾಯಿಯ ಹಿಂದೆ ಎರಡೇ ಮನೆ ದೂರದಲ್ಲಿ ಎದುರಾಳಿ. ಎರಡು ಬೀಳುವ ಸಾಧ್ಯತೆ ಶೇಕಡಾ 37.5, ಇಡೀ ಆಟದಲ್ಲೇ ಅತಿ ಅಪಾಯದ ದೂರ ಅದು. ಹೋದರೆ ಹೋಗೋದು 22 ಮನೆ, ಹತ್ತಿರ ಹತ್ತಿರ ಎಂಟು ಸರದಿ. ಹೆಚ್ಚುವರಿ ಗರದಲ್ಲಿ ಮತ್ತೆ ಎರಡು ಬಿದ್ದು ಪಾರಾಗುವ ಅವಕಾಶ ಕಳೆದರೂ ಈ ಅಪಾಯದ ಬೆಲೆ 1.8 ಸರದಿ. ಸಾಲದ್ದಕ್ಕೆ ಕಟ್ಟೆ ಬಿಟ್ಟ ನಿಮ್ಮ ಕಾಯಿ 6ರಲ್ಲಿ, ಕಡಿಸಿಕೊಂಡ ಕಾಯಿ ಅದರ ಹಿಂದೆ 4ರಲ್ಲಿ, ಮತ್ತೆ ಅದೇ ಎರಡು ಮನೆ ದೂರ. ಅಲ್ಲಿ ಇನ್ನೊಂದು 0.8. ಒಟ್ಟು 2.6 ಕೊಟ್ಟು 1.7 ಕೊಂಡಂತೆ. ಹಣ್ಣು ಮಾಡಿ.

ಹುಬ್ಬಳ್ಳಿ ಕವಡಿ

ಹುಟ್ಟು ನಿಯಮ ಇದ್ರ ಈ ಲೆಕ್ಕ ತಲಿಕೆಳಗ ಆಕ್ಕೈತ್ರಿ. ಕಡಿಸಿಕೊಂಡ ಕಾಯಿ ಮತ್ತ ಹುಟ್ಟಾಕ ಎಂಟಕ್ಕ ಒಂದು ಗರ ಕಾಯಬೇಕು. ಅಂದಮ್ಯಾಲ 6ರಾಗ ನಿಂತ ನಿಮ್ಮ ಕಾಯಿಗೆ ಹಿಂದ ಹುಲಿನ ಇಲ್ಲ. ಅವ್ರಿಗೆ ಹೋಗೂದೂ ಬರೇ ಎರಡು ಮನಿ ಅಲ್ಲ, ಒಂದು ಚೌಕಾನ ಹೋತು.

ಲೆಕ್ಕದ ಮೇಷ್ಟ್ರು

ಹೌದು, ಆಗ ಕಡಿಯೋದರ ಕಡೆಗೇ ತಕ್ಕಡಿ ವಾಲುತ್ತೆ. ಅವರ ಬೇರೆ ಕಾಯಿಗಳು ಆಗಲೇ ಹಲಗೆಯಲ್ಲಿದ್ದರೆ ಅಷ್ಟೊಂದು ವಾಲಲ್ಲ, ಕಾಯುವ ಸರದಿಗಳು ಅವರಿಗೆ ಪೂರ್ತಿ ವ್ಯರ್ಥವಾಗೋದಿಲ್ಲ. ಹಾಗೇ ಇನ್ನೂ ಒಂದೂ ಕಡಿಯದವರಿಗೆ ಮೊದಲ ಕಡಿತ ಎರಡು ಮನೆಯ ಮರಿಕಾಯಿಯಾದರೂ ಸರಿ, ಒಳಸುತ್ತಿನ ಬಾಗಿಲು ತೆಗೆಯೋದು ಅದೇ. ಸಂಜೆಯಾಟ ಅವರ ಉದಾಹರಣೆಯಲ್ಲಿ 22ರಲ್ಲಿ ಕಾಯಿ ಇರೋದರಿಂದ ಆ ಬಾಗಿಲು ಆಗಲೇ ತೆಗೆದಿದೆ.

ಸಂಜೆಯಾಟ

ಅಂದರೆ ಕೇಳಬೇಕಾದ್ದು "ಯಾರನ್ನು ಕಡೀತೀನಿ" ಅಂತಲ್ಲ, "ಎಷ್ಟು ನಡೆದ ಕಾಯಿಯನ್ನು ಕಡೀತೀನಿ" ಅಂತ. ಗೋಡೆಗೆ ಅಂಟಿಸ್ತೀನಿ.

ಗಟ್ಟಿಕಾಯಿ

ಅದಕ್ಕೇ ಸೇರಿಸಿ: ಕಡಿಸಿಕೊಂಡು ಕಟ್ಟೆಗೆ ಬಂದ ಕಾಯಿ ಬರೀ ಸೋಲಲ್ಲ. ಹಲಗೆಯಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ನಡೆಯೋದರಿಂದ ಹಿಂದೆ ಇರುವವನೇ ಬೇಟೆಗಾರ. ಮುಖ್ಯವಾಗಿ ನಿಮ್ಮ ಬಲಗಡೆ ಕೂತವರನ್ನು ಗಮನಿಸಿ. ಅವರ ಕಾಯಿ ನಿಮ್ಮ ಕಟ್ಟೆ ದಾಟಿದ ಮೇಲೆ ಮೂರೇ ಮನೆ ನಡೆದು ಒಳಗೆ ತಿರುಗುತ್ತೆ. ಆ ಮೂರು ಮನೆಯಲ್ಲಿ ಸಿಕ್ಕಿದ ಕಾಯಿ 13ರಿಂದ 15 ಮನೆ ನಡೆದದ್ದು, ಅಂದರೆ ಐದು ಸರದಿಯ ಆಸುಪಾಸು. ಇನ್ನೂ ಒಂದೂ ಕಡಿಯದೆ ಒಳಗೆ ಹೋಗಲಾಗದೆ ಅಲ್ಲೇ ಸುಳಿದಾಡುತ್ತಿದ್ದರಂತೂ ಕಟ್ಟೆಯಲ್ಲಿ ಒಂದು ಕಾಯಿ ಕೂರಿಸಿಕೊಂಡು ಬೇರೆ ಕಾಯಿ ನಡೆಸುತ್ತಾ ಕಾಯೋದು ಒಳ್ಳೆಯ ಆಟ. ಸಿಟ್ಟಿನಲ್ಲಿರುವವರು ಮಾಡೋದು ಇದಕ್ಕೆ ತದ್ವಿರುದ್ಧ: ಮರಳಿ ಬಂದ ಕಾಯಿಯನ್ನೇ "ಕಳೆದದ್ದು ಕೂಡಿಸಬೇಕು" ಅಂತ ಓಡಿಸ್ತಾರೆ.

ನಿಲ್ಲುವ ಜಾಗವೂ ಹಾಗೇ. ಎದುರಾಳಿಯ ಮುಂದೆ ಎರಡು ಮನೆ ದೂರದಲ್ಲಿ ನಿಲ್ಲೋದಕ್ಕೂ ನಾಲ್ಕು ಮನೆ ದೂರದಲ್ಲಿ ನಿಲ್ಲೋದಕ್ಕೂ ಆರು ಪಟ್ಟು ವ್ಯತ್ಯಾಸ. ಐದರಲ್ಲಿ ನಿಂತರೆ ಅವರಿಗೆ ಚೌಕ ಬಿದ್ದು ಮೇಲೆ ಒಂದೂ ಬೀಳಬೇಕು, 64ಕ್ಕೆ ಒಂದು. ಐದರಲ್ಲಿ ನಿಂತು ಕಡಿಸಿಕೊಂಡರೆ ನಡೆ ಸರಿಯಾಗಿತ್ತು, ಮುಂದಿನ ಸಲವೂ ಅಲ್ಲೇ ನಿಲ್ಲಿ. ಎರಡರಲ್ಲಿ ನಿಂತು ಬಚಾವಾದರೆ ನಡೆ ತಪ್ಪಾಗಿತ್ತು, ಖುಷಿಪಡಬೇಡಿ. ಈ ಎರಡನೆಯದನ್ನು ಯಾರೂ ಲೆಕ್ಕಕ್ಕಿಡಲ್ಲ ಅನ್ನೋದೇ ನನ್ನ ದೂರು.

ಒಂಟಿಕಾಯಿ

ಎಲ್ಲ ಸರಿ. ಮೂರು ಕಾಯಿ ಹಣ್ಣಾಗಿ ಕೊನೆಯದು 23ರಲ್ಲಿ ನಿಂತು ಒಂದು ಬೀಳದೆ ಕೊಳೆಯುತ್ತಲ್ಲ, ಅದಕ್ಕೇನು ಮದ್ದು? ಹಿಂದಿದ್ದವರೆಲ್ಲ ಬಂದು ಗೆದ್ದು ಹೋಗ್ತಾರೆ.

ಲೆಕ್ಕದ ಮೇಷ್ಟ್ರು

23ರಲ್ಲಿ ನಿಂತರೆ ಸರಾಸರಿ ಮೂರೂವರೆ ಸರದಿ ಬೇಕು. ಐದು ಸರದಿ ಆದರೂ ಬೀಳದಿರುವ ಸಾಧ್ಯತೆ ಶೇಕಡಾ 19, ಅಂದರೆ ಐದು ಆಟಕ್ಕೆ ಒಂದು ಸಲ. ವಿಚಿತ್ರ ಅಂದರೆ 23ಕ್ಕಿಂತ 22ರಲ್ಲಿ ನಿಂತವರು ಬೇಗ ಮುಗಿಸ್ತಾರೆ: ಸರಾಸರಿ 2.8 ಸರದಿ. 21ರಿಂದ 3.3. ಒಂದು ಮನೆ ಮುಂದೆ ಹೋಗೋದೇ ಇಲ್ಲಿ ಹಿಂದೆ ಬಿದ್ದಂತೆ.

ಬೇಡವಾದ ಗರ ಬಿಟ್ಟುಕೊಡಬಹುದು ಅನ್ನೋ ನಿಯಮ ಇರುವ ಕಡೆ 22ರಿಂದ ಒಂದು ಬಿದ್ದರೆ ನಡೆಸಲೇಬೇಡಿ, ಎರಡಕ್ಕೇ ಕಾಯಿರಿ, ಸರಾಸರಿ 2.3ಕ್ಕೆ ಇಳಿಯುತ್ತೆ. ಬಿಡುವಂತಿಲ್ಲ ಅಂತಿದ್ದರೆ ಉಪಾಯ ಮುಂಚೆಯೇ ಆಗಬೇಕು: ಕೊನೆಯ ಎರಡು ಕಾಯಿಗಳನ್ನು ಜೊತೆಯಲ್ಲಿ ಒಳಸುತ್ತಿಗೆ ತನ್ನಿ. ಒಂದಕ್ಕೆ ಆಗದ ಗರ ಇನ್ನೊಂದಕ್ಕೆ ಆಗುತ್ತೆ. 22ರಲ್ಲಿ ಒಂದು, 23ರಲ್ಲಿ ಒಂದು ಇದ್ದರೆ ಒಂದಕ್ಕೂ ಎರಡಕ್ಕೂ ಕೆಲಸವಿದೆ. ಮೂರನ್ನು ಅವಸರದಲ್ಲಿ ಹಣ್ಣು ಮಾಡಿ ಒಂದನ್ನು ಒಂಟಿ ಮಾಡಿದ ಮೇಲೆ ಗರವನ್ನು ಬೈದು ಫಲವಿಲ್ಲ.

ಮಗ್ಗಿಪುಸ್ತಕ

ಮಕ್ಕಳ ವಿಷಯ ಯಾರೂ ಎತ್ತಿಲ್ಲ. ಏಳೆಂಟು ವರ್ಷದವರು ಕಾಯಿ ಹೋದರೆ ಹಲಗೆಯನ್ನೇ ಮಗುಚಿಬಿಡ್ತಾರೆ. ದೊಡ್ಡವರು ಬೇಕಂತಲೇ ಸೋಲೋದು ಸರಿಯಾ?

ಗಟ್ಟಿಕಾಯಿ

ಬೇಡ, ಮಕ್ಕಳಿಗೆ ಗೊತ್ತಾಗಿಬಿಡುತ್ತೆ. ಆಟವನ್ನೇ ಚಿಕ್ಕದು ಮಾಡಿ. ನಾಲ್ಕು ಕಾಯಿಯನ್ನು 96 ಮನೆ ನಡೆಸಲು ಕಡಿತ ಇಲ್ಲದೆಯೇ ಒಬ್ಬರಿಗೆ ಮೂವತ್ತಕ್ಕೂ ಹೆಚ್ಚು ಸರದಿ ಬೇಕು, ಮಗುವಿಗೆ ಅದು ತಾಳ್ಮೆಯ ಪರೀಕ್ಷೆ. ತಲಾ ಎರಡು ಕಾಯಿ ಇಟ್ಟರೆ ಅರ್ಧಕ್ಕಿಳಿಯುತ್ತೆ, ಸೋತರೂ ಇನ್ನೊಂದಾಟ ಕೂಡಲೇ ಶುರು ಮಾಡಬಹುದು. ಹುಟ್ಟು ನಿಯಮ ತೆಗೆಯಿರಿ. ಮೂರು ಸಲ ಸತತ ಚೌಕ, ಬಾರ ಬಿದ್ದರೆ ರದ್ದು ಅನ್ನೋ ನಿಯಮ ಇದೆಯೋ ಇಲ್ಲವೋ ಅಂತ ಮೊದಲೇ ಹೇಳಿ. ಹಾಗೆ ಬೀಳೋದು 512ಕ್ಕೆ ಒಂದು ಸಲವಾದರೂ ಬಿದ್ದ ದಿನ ಮನೆ ಹೊತ್ತಿ ಉರಿಯುತ್ತೆ. ಕಡಿದವರು ಕಾಯಿಯನ್ನು ಟಕ್ ಅಂತ ಹೊಡೆಯದೆ ಎತ್ತಿ ಅವರ ಕೈಗೇ ಕೊಡಬೇಕು. ಚನ್ನಪಟ್ಟಣದ ಅರಗಿನ ಕಾಯಿಯಾದರೂ ಸರಿ, ಹುಣಸೆ ಬೀಜವಾದರೂ ಸರಿ. ಚಿಕ್ಕ ವಿಷಯ ಅನ್ನಿಸಬಹುದು, ಅರ್ಧ ಅಳು ಆ ಟಕ್ ಶಬ್ದಕ್ಕೇ ಬರೋದು.

ಮೊಬೈಲಾಟ

ಲೂಡೋ ಆಪ್‌ನಲ್ಲಿ ಆರು ಬೀಳೋದೇ ಇಲ್ಲ, ಎದುರಾಳಿಗೆ ಮಾತ್ರ ಬೇಕಾದಾಗ ಬೀಳುತ್ತೆ. ಅದು ದುರದೃಷ್ಟವೋ ಮೋಸವೋ?

ಲೆಕ್ಕದ ಮೇಷ್ಟ್ರು

ಬರೆದಿಟ್ಟರೆ ಗೊತ್ತಾಗುತ್ತೆ. 120 ಸಲದಲ್ಲಿ ಆರು ಬೀಳಬೇಕಾದ್ದು 20 ಸಲ, 12ರಿಂದ 28ರವರೆಗೆ ಸಾಮಾನ್ಯ. ನಿಮ್ಮದನ್ನೂ ಎದುರಾಳಿಯದನ್ನೂ ಗೀಟು ಹಾಕಿ ಎಣಿಸಿ. ಮೊದಲ ಗೀಟು ಹಾಕುವ ಮೊದಲೇ 120ಕ್ಕೆ ನಿಲ್ಲಿಸ್ತೀನಿ ಅಂತ ಗೊತ್ತುಮಾಡಿಕೊಳ್ಳಿ, ಬೇಕಾದ ಉತ್ತರ ಬಂದ ಕೂಡಲೇ ಎಣಿಕೆ ನಿಲ್ಲಿಸುವ ಚಟ ಎಲ್ಲರಿಗೂ ಇದೆ. ಸತತ ಹತ್ತು ಸರದಿ ಆರು ಬೀಳದಿರೋದು ಶೇಕಡಾ 16, ಅದೊಂದೇ ಪುರಾವೆ ಆಗಲ್ಲ.

ಕಟ್ಟೆಮನೆ

ಆಪ್ ಮಾತು ಬಂದಿದ್ದಕ್ಕೆ ಒಂದು ಸ್ಪಷ್ಟನೆ. ದುಡ್ಡು ಕಟ್ಟಿ ಆಡುವ ಆಟಕ್ಕೆ ಇಲ್ಲಿ ಸಲಹೆ ಇಲ್ಲ. ಆನ್‌ಲೈನ್ ಹಣದಾಟಗಳನ್ನು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ. ಹೋದದ್ದನ್ನು ಮರಳಿ ಪಡೆಯಲು ಮತ್ತೆ ಮತ್ತೆ ಆಡುವ ಸ್ಥಿತಿ ಯಾರದಾದರೂ ಆಗಿದ್ದರೆ ಉಸಿರಾಟದ ಎಣಿಕೆ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆಟದ ಗೀಳಿಗೆಂದೇ ಶಟ್ ಕ್ಲಿನಿಕ್ ಇದೆ.

ಒಂಟಿಕಾಯಿ

ಕೊನೆಯದೊಂದು. 7×7 ಮನೆ, ಆರು ಕವಡೆಯಲ್ಲಿ ಆಡುವಾಗಲೂ ಇದೇ ಲೆಕ್ಕವೇ?

ಲೆಕ್ಕದ ಮೇಷ್ಟ್ರು

ಇಲ್ಲ, ಅಲ್ಲಿ ಎರಡಕ್ಕಿಂತ ಮೂರು ಹೆಚ್ಚು ಬೀಳುತ್ತೆ, 64ರಲ್ಲಿ 20 ಸಲ. ಹಾಗಾಗಿ ಎದುರಾಳಿಯ ಮುಂದೆ ಮೂರು ಮನೆ ದೂರದಲ್ಲಿ ನಿಲ್ಲಬೇಡಿ. ಎಲ್ಲ ಅಂಗಾತ ಅಥವಾ ಎಲ್ಲ ಬೋರಲು ಬಿದ್ದರೆ ಮಾತ್ರ ಹುಟ್ಟು ಅಂತ ಆಡಿದರೆ ಅದು 32ಕ್ಕೆ ಒಂದು. ಹತ್ತು ಸರದಿ ಕಳೆದರೂ ಒಂದೂ ಕಾಯಿ ಹುಟ್ಟದಿರುವ ಸಾಧ್ಯತೆ ಶೇಕಡಾ 73.

ಹುಬ್ಬಳ್ಳಿ ಕವಡಿ

ಅದಕ್ಕ ಏಳು ಮನಿ ಆಟದಾಗ ಒಂದು ಬಿದ್ರೂ ಹುಟ್ಟು ಅಂತ ಮೊದಲ ಮಾತಾಡಿಕೊಂಡು ಕೂಡ್ರಿ. ಇಲ್ಲಾಂದ್ರ ಚಾ ಆರಿ ತಣ್ಣಗಾದ್ರೂ ಕಾಯಿ ಕಟ್ಟಿ ಬಿಡಂಗಿಲ್ಲ.